ಮಾಳಿಗೆಯ ಮೇಲಿನ ಸುತ್ತು, ಕೆರೆಯ ದಂಡೆಯ ದಾರಿ

(ಧಾರವಾಡದಲ್ಲಿ ನಮ್ಮ ಬಡಾವಣೆಯ ಓದುಗರು ಸೇರುವ ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಬಹಳ ಜನ ಈ ಹೊತ್ತಿಗೆ ಕೆಲಗೇರಿ ಕೆರೆಯ ದಂಡೆಯ ಮೇಲೆ ಇರಬೇಕಾದವರು. ಅಡ್ಡಾಡುವುದನ್ನು ಬಿಟ್ಟು ಅಡ್ಡಾಡುವುದರ ಬಗ್ಗೆ ಕೇಳಲು ಬಂದಿದ್ದೀರಿ. ಕತ್ತಲಾಗುವುದರೊಳಗೆ ಮುಗಿಸುತ್ತೇನೆ.

2020ರ ಮಾರ್ಚ್, ಏಪ್ರಿಲ್, ಮೇ, ಕೊರೋನಾ ಲಾಕ್‌ಡೌನಿನ ತಿಂಗಳುಗಳು. ಹೆಚ್ಚುಕಡಿಮೆ ಈ ಮೂರು ತಿಂಗಳಿಗೇ ನನ್ನ ಮಾತು ಸೀಮಿತ. ಮರುವರ್ಷದ ಎರಡನೇ ಅಲೆಯ ಸುದ್ದಿಗೆ ನಾನು ಇವತ್ತು ಹೋಗುವುದಿಲ್ಲ. ಈ ಸಭೆಯಲ್ಲಿ ಕೂತವರಲ್ಲೇ ಆಗ ಮನೆಯವರನ್ನು ಕಳೆದುಕೊಂಡವರಿದ್ದೀರಿ. ಆ ದುಃಖಕ್ಕೆ ಬೇರೆಯೇ ಒಂದು ಸಂಜೆ ಬೇಕು. ಮೊದಲ ಮೂರು ತಿಂಗಳಲ್ಲಿ ರೋಗ ನಮ್ಮ ಮನೆಯ ಬಾಗಿಲಿಗೆ ಬಂದಿರಲಿಲ್ಲ, ಅದರ ಅಂಜಿಕೆ ಮಾತ್ರ ಬಂದು ಪಡಸಾಲೆಯಲ್ಲಿ ಕೂತಿತ್ತು. ಹೊಸ್ತಿಲು ದಾಟುವುದು ಎಂದರೆ ಏನು ಅನ್ನುವುದು ನನಗೆ ಗೊತ್ತಾದದ್ದು ಆ ದಿನಗಳಲ್ಲಿ.

ಆ ಮಾರ್ಚ್ ಹೇಗೆ ಶುರುವಾಯಿತು ನೆನಪಿದೆಯೇ? ಹೋಳಿ ಮುಗಿದಿತ್ತು. ಮಾರ್ಚ್ 10ರಂದು ಕಲಬುರಗಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಎರಡು ದಿನ ಬಿಟ್ಟು ಅದು ಕೊರೋನಾ ಎಂದು ಖಚಿತವಾಯಿತು. ಇಡೀ ದೇಶದಲ್ಲಿ ಈ ರೋಗದಿಂದಾದ ಮೊದಲ ಸಾವು ನಮ್ಮ ಉತ್ತರ ಕರ್ನಾಟಕದ್ದು. ಅಲ್ಲಿಯವರೆಗೆ ಅದು ಟೀವಿಯೊಳಗಿನ ರೋಗವಾಗಿತ್ತು, ಚೀನಾದ್ದು, ಇಟಲಿಯದ್ದು. ಅದೇ ವಾರ ಹುಬ್ಬಳ್ಳಿಯ ರಂಗಪಂಚಮಿ. 14ರಿಂದ ರಾಜ್ಯದಲ್ಲಿ ಥೇಟರು, ಮಾಲು, ದೊಡ್ಡ ಮದುವೆ ಎಲ್ಲ ಒಂದು ವಾರ ಬಂದ್ ಎಂದರು. ಒಂದೇ ವಾರ ಎಂದು ನಾವೂ ನಂಬಿದೆವು. 22ರ ಭಾನುವಾರ ಜನತಾ ಕರ್ಫ್ಯೂ. ಸಂಜೆ ಐದಕ್ಕೆ ನಮ್ಮ ಓಣಿಯವರೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು, ಗಂಗಾಳ ಬಡಿದರು. ಜಿಲ್ಲೆಯ ಮೊದಲ ಪ್ರಕರಣ ಹೊರಬಿದ್ದದ್ದೂ ಅದೇ ಹೊತ್ತಿಗೆ. ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸುಗಳ ವಿಧ್ಯುಕ್ತ ಉದ್ಘಾಟನೆ ಆಗಿದ್ದು ಆ ವರ್ಷದ ಫೆಬ್ರುವರಿ 2ರಂದು. ಎರಡು ತಿಂಗಳು ತುಂಬುವುದರೊಳಗೆ ಚಿಗರಿಗಳು ಓಡುವುದನ್ನು ನಿಲ್ಲಿಸಿ ಡಿಪೋದಲ್ಲಿ ನಿಂತವು.

24ರ ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಯಲ್ಲಿ ಬಂದು 21 ದಿನ ದೇಶವೇ ಬಂದ್ ಎಂದರು. ಮರುದಿನ ಯುಗಾದಿ. ಶಾರ್ವರಿ ಸಂವತ್ಸರ. ಶಾರ್ವರಿ ಎಂದರೆ ರಾತ್ರಿ ಎಂದು ಅರ್ಥ.

ನಮ್ಮ ಕಡೆ ಯುಗಾದಿಗೆ ಬೇವು ಎಂದರೆ ಬರೀ ಬೇವು-ಬೆಲ್ಲದ ಚೂರಲ್ಲ, ನಿಮಗೆ ಗೊತ್ತು. ಹೊಸ ಹುಣಸೆಯ ನೀರಿಗೆ ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ ತುರಿ, ಕೊಬ್ಬರಿ, ದ್ರಾಕ್ಷಿ, ಗೋಡಂಬಿ ಕೂಡಿಸಿ, ಮೇಲೆ ಬೇವಿನ ಹೂ ಉದುರಿಸಿ ಲೋಟ ತುಂಬ ಕುಡಿಯುವ ಬೇವು. ಎಲ್ಲ ಸಾಮಾನೂ ಮನೆಯಲ್ಲಿತ್ತು, ಹೂ ಒಂದು ಇರಲಿಲ್ಲ. ಪ್ರತಿ ವರ್ಷ ನಸುಕಿನಲ್ಲಿ ಅಡ್ಡಾಡಲು ಹೋದಾಗ ಕೆರೆಯ ದಾರಿಯ ಒಂದು ಗಿಡದಿಂದ ನಾನೇ ತರುತ್ತಿದ್ದೆ. ಅವತ್ತೂ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಹೊರಗೆ ಬಂದ ಮೇಲೆ ನನಗೆ ಎದೆ ಧಸಕ್ಕೆಂದಿತು. ಅಷ್ಟು ಅಗಲದ ರಸ್ತೆಯ ಮೇಲೆ ನಾನೊಬ್ಬಳೇ. ಹಾಲಿನ ಗಾಡಿ ಇಲ್ಲ, ಪೇಪರ್ ಹುಡುಗ ಇಲ್ಲ, ಹಬ್ಬದ ದಿನ ಮಾವಿನ ತೋರಣ ಮಾರುವವರಿಲ್ಲ. ನನ್ನ ಹೆಜ್ಜೆಯ ಸಪ್ಪಳ ನನಗೇ ಕೇಳುತ್ತಿತ್ತು. ಗಿಡದ ಕೆಳಗೆ ಉದುರಿದ ಬೇವಿನ ಹೂವನ್ನು ಯಾರೂ ತುಳಿದಿರಲಿಲ್ಲ, ನೆಲದ ಮೇಲೆ ಅಕ್ಕಿ ನುಚ್ಚು ಚೆಲ್ಲಿದಂತೆ ಬಿದ್ದಿತ್ತು.

ತಿರುವಿನಲ್ಲಿ ಒಬ್ಬ ಪೊಲೀಸಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ. ವಯಸ್ಸು ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡಿದ್ದ.

"ಎಲ್ಲಿಗೆ ಹೊಂಟೀರ್ರೀ ಅಕ್ಕಾರ?"

"ಬೇವಿನ ಹೂವಿಗೆ ಬಂದಿದ್ದೆಪಾ. ಹಬ್ಬ ಐತಿ."

ಆತ ಗಿಡದ ಕಡೆ ನೋಡಿದ, ನನ್ನ ಕಡೆ ನೋಡಿದ. "ಲಗೂನ ಹರಕೊಂಡು ಮನಿ ಸೇರ್ರಿ. ನಾಳೆ ಬರಬ್ಯಾಡ್ರಿ ಮತ್ತ" ಎಂದ. ಜೋರು ಮಾಡಲಿಲ್ಲ. ಟೊಂಗೆ ನನಗೆ ಎಟುಕಲಿಲ್ಲ. ತಾನೇ ಎದ್ದು ಬಂದು ಲಾಠಿಯಿಂದ ಟೊಂಗೆ ಬಗ್ಗಿಸಿ ಹಿಡಿದ, ನಾನು ಎರಡು ಗೊಂಚಲು ಹರಿದುಕೊಂಡೆ. ಲಾಠಿ ಆ ದಿನಗಳಲ್ಲಿ ಬೇರೆ ಬೇರೆ ಊರುಗಳಲ್ಲಿ ಏನೇನು ಕೆಲಸ ಮಾಡಿತು ಎಂದು ನಾವೆಲ್ಲ ಫೋನಿನಲ್ಲಿ ನೋಡಿದ್ದೇವೆ. ಹೊರಗೆ ಸಿಕ್ಕವರಿಗೆ ಬಸ್ಕಿ ಹೊಡೆಸಿದ್ದನ್ನೂ ನೋಡಿದ್ದೇವೆ. ಅದಕ್ಕೇ ಈ ಹುಡುಗನನ್ನು ನಾನು ಮರೆತಿಲ್ಲ. ಆತನಿಗೂ ಮನೆಯಿತ್ತು, ಅಲ್ಲಿಯೂ ಅವತ್ತು ಹಬ್ಬವಿತ್ತು.

ಆತ ಹೇಳಿದಂತೆ ಮರುದಿನ ನಾನು ಹೋಗಲಿಲ್ಲ. ಬಹಳ ದಿನ ಹೋಗಲಿಲ್ಲ.

ಹೊರಗೆ ಹೋಗಲು ಆಗ ನಮಗೆ ಒಂದೇ ಒಂದು ಪರವಾನಗಿ ಇತ್ತು, ಕೈಯಲ್ಲಿ ಹಿಡಿದ ಚೀಲ. ಹಾಲು ತರಬಹುದು, ಕಾಯಿಪಲ್ಲೆ ತರಬಹುದು, ಔಷಧ ತರಬಹುದು. ಚೀಲ ಇಲ್ಲದೆ ನಡೆಯುವವರು ಮಾತ್ರ ತಪ್ಪಿತಸ್ಥರು. ನಮ್ಮ ಓಣಿಯಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಹಿರಿಯರಿದ್ದಾರೆ, ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆಯಲೇಬೇಕೆಂದು ಡಾಕ್ಟರು ಹೇಳಿದ್ದರು. ಅವರು ಬೆಳಗ್ಗೆ ಹಾಲಿಗೆ ಒಂದು ಸಲ, ಕೊತ್ತಂಬರಿಗೆ ಒಂದು ಸಲ, ಗುಳಿಗೆಗೆ ಒಂದು ಸಲ ಎಂದು ಮೂರು ಬೇರೆ ಬೇರೆ ಅಂಗಡಿಗೆ ದೂರದ ದಾರಿ ಹಿಡಿದು ಹೋಗಿಬರುತ್ತಿದ್ದರು. ಅದನ್ನು ಕಳ್ಳತನ ಎಂದು ಅನ್ನಲು ನನಗೆ ಮನಸ್ಸಿಲ್ಲ. ದೇಹಕ್ಕೆ ನಡಿಗೆಯೇ ಔಷಧವಾಗಿರುವವನಿಗೆ ರಸ್ತೆಯೂ ಔಷಧದ ಅಂಗಡಿಯೇ. ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ಗೋಲುಗಳಿದ್ದವು. ಬಿಸಿಲಿಗೆ ನಿಲ್ಲಲಾರದವರು ಚಪ್ಪಲಿಯನ್ನೋ ಚೀಲವನ್ನೋ ತಮ್ಮ ಗೋಲಿನಲ್ಲಿಟ್ಟು ನೆರಳಿಗೆ ಹೋಗಿ ನಿಲ್ಲುತ್ತಿದ್ದರು. ಸಾಲಿನಲ್ಲಿ ಮನುಷ್ಯರಿಲ್ಲ, ಚಪ್ಪಲಿಗಳು ಆರಾರು ಅಡಿ ಬಿಟ್ಟು ನಿಂತಿವೆ. ಆ ನೋಟ ಈಗಲೂ ನನ್ನ ಕಣ್ಣಲ್ಲಿದೆ.

ಇನ್ನು ಮಾಳಿಗೆಯ ಕಥೆ.

ನಮ್ಮ ಅತ್ತೆಯವರಿಗೆ ಆಗ 78. ಮದುವೆಯಾಗಿ ಧಾರವಾಡಕ್ಕೆ ಬಂದಾಗಿನಿಂದ ಸಂಜೆ ಅಡ್ಡಾಡುವುದನ್ನು ಬಿಟ್ಟವರಲ್ಲ. ಒಳಗೇ ಕೂತ ಎರಡನೇ ವಾರಕ್ಕೆ ಅವರ ಮೊಣಕಾಲು ಹಿಡಿದುಕೊಂಡವು, ನಿದ್ದೆ ಹೋಯಿತು, ಊಟ ಕಡಿಮೆಯಾಯಿತು. ಒಂದು ಸಂಜೆ ಯಾರಿಗೂ ಹೇಳದೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದರು. ನಾನು ಹೋಗಿ ನೋಡಿದರೆ ಸುತ್ತು ಹಾಕುತ್ತಿದ್ದಾರೆ. ಕಟ್ಟೆಯ ಮೇಲೆ ಎರಡು ಬಟ್ಟಲು. ಆ ತಿಂಗಳಷ್ಟೇ ನಾವು ವರ್ಷದ ಹುಣಸೆಹಣ್ಣು ಬಡಿದು ಬೀಜ ತೆಗೆದಿದ್ದೆವು. ಆ ಬೀಜ ಒಂದು ಬಟ್ಟಲಿನಲ್ಲಿ ನಲವತ್ತು. ಒಂದು ಸುತ್ತಿಗೆ ಒಂದು ಬೀಜ ಎತ್ತಿ ಇನ್ನೊಂದು ಬಟ್ಟಲಿಗೆ ಹಾಕುವುದು. ಸ್ಟೀಲಿನ ಬಟ್ಟಲಿಗೆ ಬೀಜ ಬಿದ್ದ 'ಟಣ್' ಸಪ್ಪಳ ಕೆಳಗೆ ಅಡುಗೆ ಮನೆಗೆ ಕೇಳುತ್ತಿತ್ತು. ನಾನು ರೊಟ್ಟಿ ಬಡಿಯುತ್ತಾ ಅವರ ಸುತ್ತು ಎಣಿಸುತ್ತಿದ್ದೆ. ಎರಡು ಟಣ್ ನಡುವೆ ಹೊತ್ತು ಜಾಸ್ತಿಯಾದರೆ ಕೈ ತೊಳೆದುಕೊಂಡು ಮೇಲೆ ಓಡುತ್ತಿದ್ದೆ.

ನಮ್ಮ ಮಾಳಿಗೆ ಒಂದು ಸುತ್ತಿಗೆ ಸುಮಾರು 90 ಅಡಿ. ನಲವತ್ತು ಸುತ್ತಿಗೆ ಒಂದು ಕಿಲೋಮೀಟರಿನ ಮೇಲೆ ಸ್ವಲ್ಪ ಆಗುತ್ತದೆ. ಬೇಸಿಗೆಯಾದ್ದರಿಂದ ನಡುವೆ ಹಳೆಯ ಸೀರೆಯ ಮೇಲೆ ಸಂಡಿಗೆ, ಹಪ್ಪಳ, ಶಾವಿಗೆ ಒಣಗುತ್ತಿರುತ್ತಿದ್ದವು. ಅದರ ಸುತ್ತಲೇ ಪ್ರದಕ್ಷಿಣೆ. ಮುಂದಿನ ದಿನಗಳಲ್ಲಿ ನಾವೆಲ್ಲ ಮೇಲೆ ಹೋಗತೊಡಗಿದೆವು. ಸುತ್ತ ನೋಡಿದರೆ ಪ್ರತಿ ಮಾಳಿಗೆಯ ಮೇಲೆಯೂ ಜನ. ಹತ್ತು ವರ್ಷ ಎದುರು ಮನೆಯಲ್ಲಿದ್ದೂ ಮಾತಾಡದವರು ಮಾಳಿಗೆಯಿಂದ ಮಾಳಿಗೆಗೆ ಊಟ ಆಯಿತೇ ಎಂದು ಕೇಳಿದರು. ಸದ್ದು ಅಡಗಿದ್ದರಿಂದ ವಿಶ್ವವಿದ್ಯಾಲಯದ ಗುಡ್ಡದ ನವಿಲಿನ ಕೂಗು ಅಲ್ಲಿಯವರೆಗೆ ಬರುತ್ತಿತ್ತು. ಕಂಚುಗಾರ ಹಕ್ಕಿಯ ಟುಕ್ ಟುಕ್ ಮಧ್ಯಾಹ್ನವೆಲ್ಲ ನಿಲ್ಲುತ್ತಿರಲಿಲ್ಲ. ಪಶ್ಚಿಮದ ಗಾಳಿ ಸಂಜೆ ಐದಾದ ಮೇಲೆ ಬೀಸತೊಡಗುತ್ತದಲ್ಲ, ಮಲೆನಾಡಿನ ಸೆರಗಿನಲ್ಲಿರುವ ಈ ಊರಿಗೆ ದೇವರು ಕೊಟ್ಟದ್ದು, ಆ ಗಾಳಿಯಲ್ಲಿ ಹೊಗೆಯ ವಾಸನೆ ಇರಲಿಲ್ಲ. ಏಪ್ರಿಲ್ 8, ಹನುಮ ಜಯಂತಿ. ನುಗ್ಗಿಕೇರಿ ಹನುಮಪ್ಪನ ಗುಡಿಯೂ ಎಲ್ಲ ಗುಡಿಗಳಂತೆ ಬಂದ್. ಅತ್ತೆಯವರು ಮಾಳಿಗೆಯ ಮೇಲೆ ನಿಂತು ಆ ದಿಕ್ಕಿಗೆ ಕೈ ಮುಗಿದರು. ಅವತ್ತಿನ ಹುಣ್ಣಿಮೆ ಚಂದ್ರ ಎಂದಿಗಿಂತ ದೊಡ್ಡವನಿದ್ದ.

ಆ ಬೆಳದಿಂಗಳಲ್ಲಿ ಕೂತಾಗಲೇ ಅವರು ಪ್ಲೇಗಿನ ಸುದ್ದಿ ತೆಗೆದದ್ದು. ತಮ್ಮ ಅಜ್ಜಿಯಿಂದ ಕೇಳಿದ್ದು.

"ಇಲಿ ಬಿತ್ತಂದ್ರ ಊರ ಬಿಡೂದ. ಹೊಲದಾಗ ಕಣಿಕಿ ತಟ್ಟಿ ಕಟ್ಟಿ ಗುಡಸಲ ಹಾಕ್ಕೊಂಡು ತಿಂಗಳಾನಗಟ್ಟಲೆ ಇರ್ತಿದ್ರಂತ. ಅಲ್ಲೇ ಅಡಗಿ, ಅಲ್ಲೇ ಬಾಣಂತನ. ಈಗ ನೋಡವಾ, ಬ್ಯಾನಿ ಬಂದ್ರ ಮನಿ ಹೊಕ್ಕು ಬಾಗಲಾ ಹಾಕ್ಕೊಳ್ರಿ ಅಂತಾರ. ಆವಾಗ ಮನೀಗೆ ಅಂಜತಿದ್ರು, ಈಗ ಬೈಲಿಗೆ ಅಂಜತೀವಿ."

ನಾನು ಸರಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಪ್ಲೇಗಿನ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಆದರೆ ಈ ಎರಡನ್ನು ಹೀಗೆ ಎದುರುಬದುರು ಇಟ್ಟು ನೋಡಿರಲಿಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲಿನ ದಾರಿ ಹಿಡಿದು ನಮ್ಮ ಕಡೆ ಬಂತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಲಸಿಕೆ ಕಂಡುಹಿಡಿದು 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ್ದ. ಅದನ್ನು ಸಾವಿರಾರು ಜನರಿಗೆ ಹಾಕಿದ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. ಲಸಿಕೆಯ ಇತಿಹಾಸದಲ್ಲಿ ಹುಬ್ಬಳ್ಳಿಯ ಹೆಸರಿದೆ ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ನಮ್ಮ ಪುಸ್ತಕಗಳಲ್ಲಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು.

ಅದೇ 1897ರಲ್ಲಿ, ಅದೇ ಪ್ಲೇಗಿಗಾಗಿ, ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದರು. ನಾಲ್ಕೇ ಕಲಮಿನ ಕಾಯ್ದೆ. ಪುಣೆಯಲ್ಲಿ ಸೈನಿಕರು ಮನೆ ಮನೆ ಹೊಕ್ಕು ಶೋಧ ಮಾಡಿದ್ದು, ಆ ಸಿಟ್ಟಿಗೆ ಚಾಪೇಕರ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಕೊಂದದ್ದು ನಿಮಗೆ ಗೊತ್ತಿದೆ. 2020ರ ಮಾರ್ಚ್ 11ರಂದು ಕರ್ನಾಟಕ ಸರಕಾರ ಕೊರೋನಾ ನಿಯಮಗಳನ್ನು ಹೊರಡಿಸಿದ್ದು 123 ವರ್ಷ ಹಳೆಯದಾದ ಇದೇ ಕಾಯ್ದೆಯ ಅಡಿಯಲ್ಲಿ. ಕಾಯ್ದೆ ನಮಗೆ ನೆನಪಿತ್ತು. ಆಗಿನ ಜನ ಊರ ಹೊರಗಿನ ಗಾಳಿಯಲ್ಲಿ ಹೇಗೆ ಬದುಕಿ ಉಳಿದರು ಎನ್ನುವುದು ನೆನಪಿರಲಿಲ್ಲ.

ಇಲ್ಲಿ ನಾನು ಎಚ್ಚರದಿಂದ ಮಾತಾಡಬೇಕು. ಎರಡೂ ಒಂದೇ ರೋಗವಲ್ಲ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಬರುತ್ತದೆ. ಇಲಿ ಸತ್ತರೆ ಚಿಗಟ ಮನುಷ್ಯನ ಮೇಲೆ ಹಾರುತ್ತದೆ. ಆದ್ದರಿಂದ ಇಲಿ ಬಿದ್ದ ಮನೆ ಬಿಡುವುದು ಸರಿಯಾದ ದಾರಿಯಾಗಿತ್ತು. ಕಾರಣ ಗೊತ್ತಿಲ್ಲದೆಯೂ ನಮ್ಮ ಹಿರಿಯರು ಅದನ್ನು ಕಂಡುಕೊಂಡಿದ್ದರು. ಕೊರೋನಾ ಮನುಷ್ಯನ ಉಸಿರಿನಿಂದ ಮನುಷ್ಯನಿಗೆ ಹೋಗುವಂಥದ್ದು. ಗುಂಪು ಕೂಡಬಾರದು ಎನ್ನುವುದು ಸರಿಯೇ ಇತ್ತು. ಲಾಕ್‌ಡೌನ್ ಮಾಡಲೇಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಗುಂಪಿನ ಅಂಜಿಕೆ ಯಾವಾಗಲೋ ಬಯಲಿನ ಅಂಜಿಕೆಯಾಗಿ ತಿರುಗಿಬಿಟ್ಟಿತು, ಅದು ತಪ್ಪು.

ಒಂದು ಊದಿನಕಡ್ಡಿ ತೆಗೆದುಕೊಳ್ಳಿ. ಬಾಗಿಲು, ಕಿಟಕಿ ಮುಚ್ಚಿದ ದೇವರ ಕೋಣೆಯಲ್ಲಿ ಹಚ್ಚಿದರೆ ಕಡ್ಡಿ ಆರಿ ಗಂಟೆಯಾದರೂ ಹೊಗೆ ಅಲ್ಲೇ ಇರುತ್ತದೆ. ಅದನ್ನೇ ಮಾಳಿಗೆಯ ಮೇಲೆ ಹಚ್ಚಿ, ಮೂರು ಮಾರು ದೂರದಲ್ಲಿ ನಿಂತವರಿಗೆ ವಾಸನೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸೋಂಕಿದವರ ಉಸಿರಿನಲ್ಲಿ ಬರುವ ಸಣ್ಣ ಕಣಗಳೂ ಹೀಗೇ. ಚೀನಾದ ಸಂಶೋಧಕರು ಆ ವರ್ಷದ ಜನವರಿ, ಫೆಬ್ರುವರಿಯಲ್ಲಿ ತಮ್ಮ ನಗರಗಳಲ್ಲಿ ಮೂರು ಅಥವಾ ಹೆಚ್ಚು ಜನರಿಗೆ ಒಟ್ಟಿಗೆ ಹತ್ತಿದ 318 ಪ್ರಸಂಗಗಳನ್ನು ಪರಿಶೀಲಿಸಿದರು. ಎಲ್ಲವೂ ಮನೆ, ವಾಹನ, ಅಂಗಡಿ, ಹೋಟೆಲಿನಂಥ ಒಳಜಾಗಗಳಲ್ಲಿ ಆದದ್ದು. ಬಯಲಿನಲ್ಲಿ ಹತ್ತಿದ್ದು ಅವರಿಗೆ ಸಿಕ್ಕಿದ್ದು ಒಂದೇ ಪ್ರಸಂಗ, ಅದೂ ಇಬ್ಬರು ಮಾತಾಡುತ್ತ ನಿಂತಾಗ. ಈ ವರದಿ 2020ರ ಏಪ್ರಿಲ್‌ನಲ್ಲೇ ಹೊರಬಂತು. ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ ರೋಗ ಗಾಳಿಯಲ್ಲಿ ಹರಡುತ್ತದೆ, ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ ಎಂದು ಬಹಿರಂಗ ಪತ್ರ ಬರೆದರು. ನಾವು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆವು? ಬದನೆಕಾಯಿಯನ್ನು ಉಪ್ಪುನೀರಿನಲ್ಲಿ ತೊಳೆಯುತ್ತಿದ್ದೆವು, ಹಾಲಿನ ಪಾಕೀಟಿಗೆ ಸೋಪು ಹಚ್ಚುತ್ತಿದ್ದೆವು, ಕಿಟಕಿ ಹಾಕುತ್ತಿದ್ದೆವು. ನಮ್ಮ ಮನೆಯಲ್ಲಿ ಕಿಟಕಿ ಹಾಕಿಸಿದವಳು ನಾನು. ಉರಿಬೇಸಿಗೆಯಲ್ಲಿ, ಉಸಿರಾಟದ ತೊಂದರೆಯಿದ್ದ ಮಾವನವರ ಕೋಣೆಯದ್ದು. ಅತ್ತೆಯವರು ರಾತ್ರಿ ಎದ್ದು ತೆಗೆಯುತ್ತಿದ್ದರು, ನಾನು ಬೆಳಗ್ಗೆ ಎದ್ದು ಹಾಕುತ್ತಿದ್ದೆ. ಅದರಲ್ಲಿ ಅವರು ಸರಿಯಿದ್ದರು.

ನಮಗಾದರೂ ತೆಗೆಯಲು ಕಿಟಕಿಯಿತ್ತು, ಹತ್ತಲು ಮಾಳಿಗೆಯಿತ್ತು. ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಹುಬ್ಬಳ್ಳಿಯ ಒಂದು ಹಳೆಯ ಓಣಿಯಲ್ಲಿದ್ದಾಳೆ. ಎರಡು ಕೋಣೆ, ಐದು ಜನ, ಮೇಲೆ ಹಂಚು. ಓಣಿಯಲ್ಲಿ ಒಬ್ಬರಿಗೆ ಸೋಂಕು ಕಾಣಿಸಿದ್ದೇ ಓಣಿಯ ಬಾಯಿಗೆ ಬೊಂಬು ಕಟ್ಟಿ ತಗಡು ಹೊಡೆದರು. ಸೀಲ್‌ಡೌನ್. ಹೊಸದಾಗಿ ಯಾರಿಗೂ ಬಾರದೆ 28 ದಿನ ಕಳೆಯಬೇಕು. ನೀರು ಬರುವುದು ವಾರಕ್ಕೊಮ್ಮೆ. ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ ಎಂದು ಫೋನು ಎತ್ತಿದಾಗಲೆಲ್ಲ ಹೇಳುತ್ತಿದ್ದರಲ್ಲ, ಅವಳು ಕೊಡದ ನೀರನ್ನು ಲೋಟದಲ್ಲಿ ಅಳೆದು ಮಕ್ಕಳ ಕೈಗೆ ಹಾಕುತ್ತಿದ್ದಳು. ನಾನು ದಿನಾ ಸಂಜೆ ಮಾಳಿಗೆಯಿಂದ ಫೋನ್ ಮಾಡುತ್ತಿದ್ದೆ. ಒಂದು ದಿನ ಅಂದಳು, "ಬಾಗಲಾ ತಗದ್ರ ತಗಡ ಕಾಣತೈತಿ ಅಕ್ಕಾ. ಮುಗಲ ನೋಡಬೇಕಂದ್ರ ಕುತಗಿ ಎತ್ತಬೇಕು." ಅವಳ ಸಣ್ಣ ಮಗನಿಗೆ ಏಳು ವರ್ಷ. ಪಡಸಾಲೆಯ ಗೋಡೆಯಿಂದ ಗೋಡೆಗೆ ಓಡುವುದು, ಮುಟ್ಟುವುದು, ತಿರುಗಿ ಓಡುವುದು. ಗೋಡೆಯ ಸುಣ್ಣದ ಮೇಲೆ ಅವನ ಅಂಗೈ ಮುಟ್ಟಿದ ಜಾಗ ಕಪ್ಪಾಗಿತ್ತು. ಮುಂದೆ ಅವರ ಮನೆಗೆ ಹೋದಾಗ ನಾನೇ ನೋಡಿದೆ. ಎರಡೂ ಗೋಡೆಯ ಮೇಲೆ ಒಂದೇ ಎತ್ತರಕ್ಕೆ.

ಇಷ್ಟು ಜನ ನಡೆಯಲಾಗದೆ ಕೂತಾಗ ಇನ್ನಷ್ಟು ಜನ ಕೂರಲಾಗದೆ ನಡೆದರು. ಕೆಲಗೇರಿಯ ಮುಂದೆ ಹಾದುಹೋಗುವ ನಮ್ಮ ರಸ್ತೆ ಅಳ್ನಾವರದ ಮೇಲಿಂದ ಗೋವಾಕ್ಕೆ ಹೋಗುತ್ತದೆ. ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ಎಷ್ಟು ಮಂದಿ ಗೋವಾದಲ್ಲಿ ದುಡಿಯುತ್ತಾರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೆಲಸ ನಿಂತಿತು, ಕೂಲಿ ನಿಂತಿತು, ಗಡಿ ಮುಚ್ಚಿತು. ಜನ ಕಾಡಿನ ದಾರಿ ಹಿಡಿದು ಹೊರಟರು. ಏಪ್ರಿಲ್‌ನ ಒಂದು ಬೆಳಗ್ಗೆ ಹಾಲಿಗೆ ಹೋದಾಗ ಬಂದ್ ಆಗಿದ್ದ ಅಂಗಡಿಯ ಕಟ್ಟೆಯ ಮೇಲೆ ಒಂದು ಕುಟುಂಬ ಕೂತಿತ್ತು. ಗಂಡ, ಹೆಂಡತಿ, ಒಬ್ಬ ಹುಡುಗ. ಮುಂಡರಗಿ ಕಡೆಯ ಹಳ್ಳಿಯವರು. ಇಲ್ಲಿಂದ ಅವರಿಗೆ ಇನ್ನೂ ನೂರು ಕಿಲೋಮೀಟರಿನ ಮೇಲೆ ದಾರಿ. ನಮ್ಮ ಓಣಿಯ ಹೆಣ್ಣುಮಕ್ಕಳು ಮನೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೂಡಿಸಿ ಇಡುತ್ತಿದ್ದೆವು. ತಂದುಕೊಡುತ್ತೇನೆ ಎಂದೆ. ಆ ಹೆಣ್ಣುಮಗಳು ಹೇಳಿದಳು:

"ರೊಟ್ಟಿ ಅದಾವ್ರಿ ಅಕ್ಕಾರ, ದಾರ್ಯಾಗ ಕೊಟ್ಟಾರ. ಹಳೇ ಚಪ್ಪಲ್ ಇದ್ರ ಕೊಡ್ರಿ."

ನಾನು ಆಗ ಅವಳ ಕಾಲು ನೋಡಿದೆ. ಬಲಗಾಲಿನ ಚಪ್ಪಲಿಯನ್ನು ಸುತಳಿಯಿಂದ ಪಾದಕ್ಕೇ ಕಟ್ಟಿಕೊಂಡಿದ್ದಳು. ಎಡಗಾಲಿಗೆ ಏನೂ ಇರಲಿಲ್ಲ. ಹಿಮ್ಮಡಿಗೆ ಡಾಂಬರು ಮೆತ್ತಿ, ಅದರ ಮೇಲೆ ಮಣ್ಣು ಹಿಡಿದು, ಸಿಪ್ಪೆಯ ಹಾಗೆ ಗಟ್ಟಿಯಾಗಿತ್ತು. ಮನೆಗೆ ಬಂದೆ. ಬಾಗಿಲ ಹಿಂದೆ ನನ್ನ ವಾಕಿಂಗ್ ಬೂಟು ಯುಗಾದಿಯಿಂದ ಹಾಗೇ ಧೂಳು ತಿನ್ನುತ್ತ ಇದ್ದವು. ಕೊಟ್ಟೆ. ಅವಳ ಪಾದ ಸಣ್ಣದು, ಮುಂದೆ ಅರಿವೆ ತುರುಕಿ ಹಾಕಿಕೊಂಡಳು. ಹುಡುಗನಿಗೆ ಪಕ್ಕದ ಮನೆಯವರು ಚಪ್ಪಲಿ ಕೊಟ್ಟರು. ಗಂಡನಿಗೆ ಸರಿಹೊಂದುವುದು ಯಾರ ಮನೆಯಲ್ಲೂ ಸಿಗಲಿಲ್ಲ. ಬಿಸಿಲೇರುವ ಮುಂಚೆ ಎದ್ದು ಹೊರಟರು. ನಾನು ಬೆಳಗಿನ ಗಾಳಿ ತಿನ್ನಲು ಹೋಗುತ್ತಿದ್ದ ರಸ್ತೆಯೇ ಅದು. ಮೇ 1ರಿಂದ ದುಡಿಯಲು ಹೋದವರನ್ನು ಊರಿಗೆ ಮುಟ್ಟಿಸುವ ಶ್ರಮಿಕ್ ರೈಲುಗಳು ಶುರುವಾದವು. ಅವರು ಅಷ್ಟು ದಿನ ಕಾಯುವ ಹಾಗಿರಲಿಲ್ಲ.

ಮೇ 19ಕ್ಕೆ ರಾಜ್ಯದಲ್ಲಿ ಬಸ್ಸು ಬಿಟ್ಟರು, ಉದ್ಯಾನಗಳನ್ನು ತೆರೆದರು. ಬೆಳಗ್ಗೆ 7ರಿಂದ 9, ಸಂಜೆ 5ರಿಂದ 7. ಅಷ್ಟು ದಿನದ ಮೇಲೆ ಅದೇ ದೊಡ್ಡ ಸಂತೋಷ. ಮೊದಲ ದಿನ ಆರೂಮುಕ್ಕಾಲಿಗೇ ಹೋದೆ, ಕೊಟ್ಟ ಬೂಟಿನ ಬದಲು ಹವಾಯಿ ಚಪ್ಪಲಿಯಲ್ಲಿ. ಗೇಟಿನ ಮುಂದೆ ಆಗಲೇ ಜನಸಂದಣಿ. ಏಳಕ್ಕೆ ಬಾಗಿಲು ತೆಗೆದಾಗ ಎಲ್ಲರೂ ಒಮ್ಮೆಲೇ ಒಳಗೆ. ನನಗೆ ಆಗ ಹೊಳೆದದ್ದನ್ನು ಇವತ್ತಿಗೂ ಹೇಳುತ್ತಿದ್ದೇನೆ. ಬಯಲು ಇಡೀ ದಿನ ತೆರೆದಿದ್ದರೆ ಜನ ಚದುರಿ ಬರುತ್ತಾರೆ. ಎರಡು ತಾಸು ಮಾತ್ರ ತೆರೆದರೆ ನಾವೇ ಕರೆದು ಗುಂಪು ಕೂಡಿಸಿದಂತೆ. ಒಬ್ಬರಿಗೊಬ್ಬರು ದೂರ ನಿಲ್ಲಬೇಕಾದ ರೋಗಕ್ಕೆ ನಾವು ಜಾಗವನ್ನೂ ಹೊತ್ತನ್ನೂ ಕಡಿಮೆ ಮಾಡಿದೆವು. ಜಾಗ ಹೆಚ್ಚು ಮಾಡಬೇಕಿತ್ತು. ಈ ಅವಳಿನಗರದಲ್ಲಿ ಜಾಗಕ್ಕೆ ಬರವೇ? ಉಣಕಲ್ ಕೆರೆಯ ದಂಡೆಯಿದೆ, ನೃಪತುಂಗ ಬೆಟ್ಟವಿದೆ, ತೋಳನಕೆರೆಯಿದೆ, ಸಾಧನಕೇರಿಯಿದೆ. ಎರಡು ವಿಶ್ವವಿದ್ಯಾಲಯಗಳ ನೂರಾರು ಎಕರೆ ಆವರಣವಿದೆ, ಪ್ರತಿ ವಾರ್ಡಿನಲ್ಲಿ ಶಾಲೆಯ ಮೈದಾನವಿದೆ. ಆ ಮೂರು ತಿಂಗಳು ಶಾಲೆಗಳೇ ಇರಲಿಲ್ಲವಲ್ಲ, ಮೈದಾನಗಳು ಬೀಗದೊಳಗೆ ಬಿಸಿಲು ಕಾಯುತ್ತಿದ್ದವು. ಎರಡು ಓಣಿ ಆಚೆ ಆ ಏಳು ವರ್ಷದ ಹುಡುಗ ಗೋಡೆ ಮುಟ್ಟಿ ಮುಟ್ಟಿ ಓಡುತ್ತಿದ್ದ.

ಬಯಲಿನಲ್ಲಿ ಏನು ಮಾಡಬಹುದು ಎನ್ನುವುದನ್ನು ಅದೇ ವರ್ಷ ಆಗಸ್ಟ್‌ನಲ್ಲಿ ನಾವು ಶಿಕ್ಷಕರು ನೋಡಿದೆವು. ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಸರಕಾರದ ವಿದ್ಯಾಗಮ ಯೋಜನೆ ಶುರುವಾಯಿತು. ಗುಡಿಯ ಕಟ್ಟೆ, ಆಲದ ಗಿಡದ ನೆರಳು, ಯಾರದೋ ಕಣ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಮಾಡಿದೆವು. ಗಿಡಕ್ಕೆ ಹಲಗೆ ತೂಗುಹಾಕಿ ನಕಾಶೆ ಬಿಡಿಸಿದ್ದು ನನ್ನ ಇಷ್ಟು ವರ್ಷದ ನೌಕರಿಯಲ್ಲೇ ಚೆಂದದ ದಿನಗಳು. ಅಲ್ಲಲ್ಲಿ ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ಬಂದದ್ದರಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಬಯಲಿಗೆ ಬಂದರೆ ರೋಗವೇ ಬರುವುದಿಲ್ಲ ಎಂದಲ್ಲ. ಮಳೆ ಬಂದಾಗ ನಾವೂ ಮಕ್ಕಳನ್ನು ಗುಡಿಯೊಳಗೆ ಒತ್ತೊತ್ತಾಗಿ ಕೂರಿಸಿದ್ದುಂಟು. ಆದರೂ ಆ ಎರಡು ತಿಂಗಳು ಮಕ್ಕಳು ಮಾತು ಕಲಿತರು, ನಕ್ಕರು. ಫೋನಿನ ಪಾಠದಲ್ಲಿ ಅದು ಆಗಲಿಲ್ಲ.

ಇನ್ನೊಂದು ಸಲ ಇಂಥದ್ದು ಬಂದರೆ, ಬಾರದಿರಲಿ, ನಮ್ಮ ವಾರ್ಡಿನ ಯಾವ ಮೈದಾನದ ಕೀಲಿ ಯಾರ ಹತ್ತಿರ ಇದೆ, ಯಾವ ಓಣಿಯವರು ಯಾವ ಬಯಲಿಗೆ ಯಾವ ಹೊತ್ತಿಗೆ ಹೋಗಬಹುದು ಎಂದು ಈಗಲೇ ಬರೆದಿಟ್ಟುಕೊಳ್ಳೋಣ ಎನ್ನುವುದು ನನ್ನ ಮಾತು. ಮಾಳಿಗೆ ಇದ್ದವರಿಗೆ ಅಲ್ಲ, ಹಂಚಿನ ಮನೆಯವರಿಗೆ ಮೊದಲು. ಇಂಥ ಒಂದು ಪಟ್ಟಿ ಮಾಡಲು ನನಗೆ ನಿಮ್ಮಲ್ಲಿ ನಾಲ್ಕು ಜನ ಜೊತೆಗೆ ಬೇಕು. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿರುತ್ತೇನೆ, ಹೆಸರು ಕೊಡಿ.

ಅತ್ತೆಯವರ ಸುದ್ದಿ ಅರ್ಧಕ್ಕೆ ಬಿಟ್ಟಿದ್ದೇನೆ. ಉದ್ಯಾನ ತೆರೆದರೂ 65 ದಾಟಿದವರು ಮನೆಯಲ್ಲೇ ಇರಬೇಕೆಂದು ಹೇಳಿದ್ದರಿಂದ ಅವರು ಹೊರಗೆ ಬರಲಿಲ್ಲ. ಮಳೆಗಾಲದಲ್ಲಿ ಮಾಳಿಗೆ ಪಾಚಿಗಟ್ಟಿ ಜಾರುತ್ತಿತ್ತು, ಆಗ ಪಡಸಾಲೆಯಲ್ಲೇ ಬಟ್ಟಲು ಇಟ್ಟುಕೊಂಡು ಸುತ್ತಿದರು. ದಿನಾ ಸಂಜೆ ನಾನು ತಿರುಗಿ ಬಂದ ಕೂಡಲೇ ಕೇಳುವರು: ಕೆರೆಗೆ ನೀರು ಬಂತೇನು, ಕಕ್ಕೆ ಹೂ ಬಿಟ್ಟಿತೇನು, ಆ ಮೂಲೆಯ ಬೇವಿನ ಗಿಡ ಕಡಿದಿಲ್ಲ ಹೌದಲ್ಲೋ. 2021ರ ಮಾರ್ಚ್‌ನಲ್ಲಿ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ಮೊದಲ ಡೋಸ್ ಆಗಿ ಎರಡು ವಾರಕ್ಕೆ ಒಂದು ನಸುಕಿನಲ್ಲಿ ಅವರೇ ಎದ್ದು ಸೀರೆ ಉಟ್ಟು ತಯಾರಾಗಿ ಕೂತಿದ್ದರು. ರಿಕ್ಷಾ ಬೇಡ ಎಂದರು. ನಿಂತು ನಿಂತು ನಡೆದೆವು. ಕೆರೆಯ ದಂಡೆ ಏರಿದ ಮೇಲೆ ಅವರ ಬಲಗೈ ಮುಷ್ಟಿ ಬಿಗಿಯಾಗಿರುವುದು ಕಂಡು, ಏನದು ಅತ್ತಿ ಎಂದೆ. ಬಿಚ್ಚಿ ತೋರಿಸಿದರು. ಹುಣಸೆ ಬೀಜ. ವರ್ಷವಿಡೀ ಬೆರಳಾಡಿ ಸಿಪ್ಪೆ ನುಣುಪಾಗಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ರೂಢಿಯಿಂದ ತಂದುಬಿಟ್ಟಿದ್ದರು. ಮುಂದೆ ಉದ್ದಕ್ಕೆ ಹೋಗುವ ದಂಡೆಯ ದಾರಿ ನೋಡಿದರು.

"ಇಲ್ಲಿ ಎಲ್ಲಿ ಸುತ್ತ ಹಾಕೂದವಾ? ಹಿಡಿ ಇವನ್ನ" ಎಂದು ಬೀಜಗಳನ್ನು ನನ್ನ ಕೈಗೆ ಹಾಕಿ, ಸೆರಗು ಸರಿಮಾಡಿಕೊಂಡು ಮುಂದೆ ನಡೆದರು.